ಮೊಳೆತ ಹುಲ್ಲು ಹಳದಿಯಾಗಿ ಒಣಗುತ್ತಿದೆ, ದಯವಿಟ್ಟು ಪರಿಹಾರ ತಿಳಿಸಿ

ಹಸಿರಂಗಳ:
ಮನೆಯ ಮುಂದಿನ ಜಾಗದಲ್ಲಿ ಗರಿಕೆ ಜಾತಿಯ ಲಾನ್ ಬೀಜ ಬಿತ್ತಿ ಐದು ವಾರವಾಯಿತು. ಎರಡು ವಾರದೊಳಗೆ ಸೊಗಸಾಗಿ ಮೊಳೆತ ಹುಲ್ಲು ಈಗ ಅಲ್ಲಲ್ಲಿ ಹಳದಿ ತಿರುಗಿ ಸಾಯುತ್ತಿದೆ. ಮಣ್ಣು ಸಡಿಲಿಸಿ, ಗೊಬ್ಬರ ಬೆರೆಸಿ, ಬೆಳಿಗ್ಗೆ ಸಂಜೆ ತಪ್ಪದೆ ನೀರು ಕೊಟ್ಟಿದ್ದೇನೆ. ಹೇಳಿದ್ದೆಲ್ಲವನ್ನೂ ಮಾಡಿದ ಮೇಲೂ ಹೀಗಾದರೆ ಇನ್ನೇನು ಮಾಡಬೇಕು?

ಸುಣ್ಣದಡಬ್ಬಿ:
ಇದು ಹುಳಿಮಣ್ಣಿನ ಲಕ್ಷಣವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಲಾನಿಗೆ ಪಿಎಚ್ (ಮಣ್ಣಿನ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 6ರಿಂದ 7ರ ನಡುವೆ ಇರಬೇಕು. ಅದಕ್ಕಿಂತ ಬಹಳ ಕೆಳಗಿಳಿದರೆ ಮಣ್ಣಿನಲ್ಲಿ ರಂಜಕವಿದ್ದರೂ ಬೇರಿಗೆ ದಕ್ಕುವುದಿಲ್ಲ. ಕೂಡಲೇ ಸುಣ್ಣ ಹಾಕಿ.

ಗುದ್ದಲಿಗೆಳೆಯ:
ಪರೀಕ್ಷೆ ಮಾಡದೆ ಸುಣ್ಣ ಹಾಕುವುದು ಬೇಡ. ಹಸಿರಂಗಳ ಅವರೇ, ಎಷ್ಟು ಆಳ ಅಗೆದಿರಿ? ಆ ಜಾಗದಲ್ಲಿ ಮೊದಲು ಏನಿತ್ತು?

ಹಸಿರಂಗಳ:
ಮಣ್ಣು ಸಡಿಲಿಸಿದ್ದೇನೆಂದು ಆಗಲೇ ಬರೆದಿದ್ದೇನಲ್ಲ. ಪರೀಕ್ಷೆಯ ಕಿಟ್ ಪಿಎಚ್ 6.6 ತೋರಿಸಿದೆ.

ಸುಣ್ಣದಡಬ್ಬಿ:
ಕಿಟ್‌ನ ಬಣ್ಣವನ್ನು ನಂಬಬೇಡಿ. ಹತ್ತು ಕಡೆಗಳಿಂದ, ಹತ್ತು ಸೆಂ.ಮೀ. ಆಳದ ಮಣ್ಣನ್ನು ತೆಗೆದು ಬೆರೆಸಿ ಮತ್ತೊಮ್ಮೆ ನೋಡಿ. ಹುಳಿಯೇ ಕಾರಣವೆಂದು ನಾನು ಈಗಲೂ ಹೇಳುತ್ತೇನೆ.

ರೋಲರ್‌ವೀರ:
ಬಿತ್ತಿದ ಮೇಲೆ ರೋಲರ್ ಎಳೆದಿರಾ ಎಂದು ಯಾರೂ ಕೇಳಲಿಲ್ಲ. ನನ್ನ ಬಳಿ ನೀರು ತುಂಬುವ ದೊಡ್ಡ ಉರುಳೆಯಿದೆ, ಅದನ್ನು ನಾಲ್ಕು ಸುತ್ತು ಎಳೆದ ನನ್ನ ಅಂಗಳ ಹಾಸಿದ ಜಮಖಾನೆಯಂತಿದೆ.

ಗುದ್ದಲಿಗೆಳೆಯ:
ಉರುಳೆಯ ಕೆಲಸ ಬೀಜವನ್ನು ಮಣ್ಣಿಗೆ ತಾಗಿಸುವುದಷ್ಟೇ, ಅದಕ್ಕೆ ಹಗುರವಾದದ್ದು ಸಾಕು. ಒದ್ದೆಯಾದ ಜೇಡಿಮಣ್ಣಿನ ಮೇಲೆ ಭಾರ ಎಳೆದರೆ ಅದು ಒತ್ತಿ ಗಟ್ಟಿಯಾಗುತ್ತದೆ. ನಿಮ್ಮ ಮಣ್ಣು ಮರಳಾಗಿದ್ದರೆ ನಿಮ್ಮ ಅದೃಷ್ಟ.

ರೋಲರ್‌ವೀರ:
ಅದೃಷ್ಟವಲ್ಲ, ಹನ್ನೆರಡು ವರ್ಷಗಳ ಅನುಭವ.

ಗುದ್ದಲಿಗೆಳೆಯ:
ಇರಲಿ. ಹಸಿರಂಗಳ ಅವರೇ, ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಒದ್ದೆ ನೆಲಕ್ಕೆ ಕೈಯಿಂದಲೇ ಒತ್ತಿ, ಎಲ್ಲಿ ತಡೆಯುತ್ತದೆಂದು ತಿಳಿಸಿ. ಜೊತೆಗೆ ಒಂದು ಮೂಲೆಯಲ್ಲಿ 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯುತ್ತದೆಂದು ಅಳೆಯಿರಿ.

ಹಸಿರಂಗಳ:
ಸ್ಕ್ರೂಡ್ರೈವರ್ ಐದು ಸೆಂ.ಮೀ.ಗೇ ನಿಂತಿತು. ಗುಂಡಿಯಲ್ಲಿ ನೀರು ಗಂಟೆಗೆ ಒಂದು ಸೆಂ.ಮೀ. ಕೂಡ ಇಳಿಯಲಿಲ್ಲ. ಮುಖ್ಯವೆಂದು ತೋಚದೆ ಒಂದು ಸಂಗತಿ ಬರೆದಿರಲಿಲ್ಲ: ಮನೆ ಕಟ್ಟುವಾಗ ಜಲ್ಲಿಯ ಲಾರಿಗಳು ನಿಲ್ಲುತ್ತಿದ್ದುದು ಇದೇ ಜಾಗದಲ್ಲಿ. ಅದರ ಮೇಲೆ ನಾಲ್ಕು ಸೆಂ.ಮೀ. ಹೊಸ ಮಣ್ಣು ಹರಡಿ, ಸಡಿಲಿಸಿದ್ದು ಅದನ್ನಷ್ಟೇ.

ಗುದ್ದಲಿಗೆಳೆಯ:
ಇದನ್ನು ಮೊದಲೇ ಬರೆದಿದ್ದರೆ ಇಷ್ಟು ಚರ್ಚೆ ಬೇಕಾಗುತ್ತಿರಲಿಲ್ಲ. ಕೆಳಗಿನ ಪದರ ನೀರನ್ನು ಇಳಿಯಗೊಡದಿರುವಾಗ ದಿನಕ್ಕೆರಡು ಸಲ ಕೊಟ್ಟ ನೀರೆಲ್ಲ ಮೇಲಿನ ತೆಳುಪದರದಲ್ಲಿಯೇ ನಿಂತು, ಬೇರಿಗೆ ಗಾಳಿಯಾಡದೆ ಅದು ಉಸಿರುಕಟ್ಟಿ ಕೊಳೆಯುತ್ತದೆ. ನೀರು ಸಾಲದೆಂದು ನೀವು ಇನ್ನಷ್ಟು ಕೊಟ್ಟಿರಬಹುದು, ಹೆಚ್ಚಿನವರು ಹಾಗೆಯೇ ಮಾಡುತ್ತಾರೆ. ಹೊಸ ಮಣ್ಣನ್ನು ಒಂದು ಬದಿಗೆ ಸರಿಸಿ, ಕೆಳಗಿನದನ್ನು ಕನಿಷ್ಠ 15 ಸೆಂ.ಮೀ. ಅಗೆಯಿರಿ. ಮುಷ್ಟಿಯಲ್ಲಿ ಹಿಡಿದ ಮಣ್ಣಿನುಂಡೆ ಬೆರಳು ತಾಗಿದರೆ ಪುಡಿಯಾಗಬೇಕು, ಅಂಟಿಕೊಂಡರೆ ಎರಡು ದಿನ ಕಾಯಿರಿ. ಚೆನ್ನಾಗಿ ಕಳಿತ ಕಾಂಪೋಸ್ಟನ್ನು ನಾಲ್ಕು ಸೆಂ.ಮೀ. ಹರಡಿ ಬೆರೆಸಿ, ಮೇಲ್ಮಣ್ಣಿನ ಒಂದು ಪಾಲನ್ನೂ ಅದಕ್ಕೇ ಸೇರಿಸಿದರೆ ಎರಡು ಪದರಗಳ ನಡುವಣ ಗಡಿ ಅಳಿಯುತ್ತದೆ. ಜೇಡಿಗೆ ಒಂದಿಷ್ಟು ಮರಳು ಬೆರೆಸುವ ಯೋಚನೆ ಬಿಡಿ, ಅದು ಇನ್ನೂ ಗಟ್ಟಿಯಾಗುತ್ತದೆ. ಮೀಟರಿಗೆ ಒಂದೆರಡು ಸೆಂ.ಮೀ. ಇಳಿಜಾರು ಗೋಡೆಯಿಂದ ಹೊರಕ್ಕಿರಲಿ, ಬೀಜ ಅರ್ಧ ಸೆಂ.ಮೀ.ಗಿಂತ ಆಳಕ್ಕೆ ಹೋಗದಿರಲಿ.

ಸುಣ್ಣದಡಬ್ಬಿ:
ಅಗೆಯುವಾಗ ಸುಣ್ಣವನ್ನೂ ಸೇರಿಸಿಬಿಟ್ಟರೆ ಒಂದೇ ಕೆಲಸದಲ್ಲಿ ಮುಗಿಯುತ್ತದೆ.

ಗುದ್ದಲಿಗೆಳೆಯ:
ಕಟ್ಟಡ ನಡೆದ ಜಾಗದಲ್ಲಿ ಸಿಮೆಂಟಿನ ಗಾರೆ ಬಿದ್ದಿರುತ್ತದೆ, ಅದು ಪಿಎಚ್ ಅನ್ನು ತಾನೇ ಏರಿಸುತ್ತದೆ. ಸುಣ್ಣವನ್ನು ಡಬ್ಬಿಯಲ್ಲಿಯೇ ಇಡಿ.

ಹಸಿರಂಗಳ:
ಇಂದು ಒಂದು ಮೂಲೆ ಅಗೆದೆ. ಎಂಟು ಸೆಂ.ಮೀ. ಕೆಳಗೆ ಇಟ್ಟಿಗೆಚೂರು ಮತ್ತು ಗಾರೆಯ ಹೆಂಟೆಗಳು ಸಿಕ್ಕವು. ಹಸಿರಾಗಿ ಉಳಿದಿರುವ ತುಣುಕುಗಳನ್ನು ಎಸೆಯಬೇಕೇ?

ಗುದ್ದಲಿಗೆಳೆಯ:
ಬೇಡ. ಗರಿಕೆ ನೆಲದ ಮೇಲೆ ಕುಡಿ ಹಬ್ಬಿಸಿ, ಗೆಣ್ಣುಗಳಲ್ಲಿ ಬೇರು ಬಿಡುತ್ತದೆ. ಮಣ್ಣಿನ ಸಮೇತ ಎತ್ತಿ ನೆರಳಿನಲ್ಲಿ ತೇವವಾಗಿಟ್ಟು, ಅಗೆತ ಮುಗಿದ ಕೂಡಲೇ ಅಲ್ಲಲ್ಲಿ ನೆಡಿ. ಗಾರೆಯ ಹೆಂಟೆಗಳನ್ನು ಮಾತ್ರ ಆರಿಸಿ ಹೊರಹಾಕಿ.

ರೋಲರ್‌ವೀರ:
ನೆಟ್ಟ ಮೇಲೆ ಯಾವ ಅಳತೆಯ ರೋಲರ್ ಎಳೆಯುತ್ತೀರಿ?