ಪದಚರ್ಚೆ: ಗಿಟಾರಿನ ‘ಟ್ಯೂನ್ ನಿಲ್ಲುತ್ತಿಲ್ಲ’ ಎಂಬ ದೂರನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ಹೇಗೆ?

ಬಳಗದ ಎಲ್ಲರಿಗೂ ನಮಸ್ಕಾರ.

ಶಿರಸಿಯ ಸುತ್ತಮುತ್ತ ಹೊಸದಾಗಿ ಎಲೆಕ್ಟ್ರಿಕ್ ಗಿಟಾರ್ ಕೊಂಡು ಕಲಿಯಲು ಕೂತಿರುವ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಬಳಸಬೇಕಾದ ಕೆಲವು ಪದಗಳ ಬಗ್ಗೆ ತಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ. ಈ ಮಕ್ಕಳ ಕೈಯಲ್ಲಿರುವುದು ಕೊರಿಯರಿನಲ್ಲಿ ಮನೆಬಾಗಿಲಿಗೆ ಬಂದ, ಕಾರ್ಖಾನೆ ಬಿಟ್ಟ ಮೇಲೆ ನುರಿತವರಾರೂ ಮುಟ್ಟಿ ತಿದ್ದದ ಅಗ್ಗದ ವಾದ್ಯಗಳು. ಹಾಗಾಗಿ ಪೆಟ್ಟಿಗೆ ಬಿಚ್ಚಿದ ಕೆಲವೇ ದಿನಗಳಲ್ಲಿ ‘ಟ್ಯೂನ್ ನಿಲ್ತಿಲ್ಲೆ’ ಎಂಬ ದೂರು ಶುರುವಾಗುತ್ತದೆ. ಈ ಒಂದೇ ಮಾತಿನೊಳಗೆ ಬೇರೆ ಬೇರೆ ದೋಷಗಳು ಅಡಗಿದ್ದು, ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ನಾಟುವುದಿಲ್ಲ. ವೀಣೆ, ಸಿತಾರ್, ತಂಬೂರಿಗಳ ಒಡನಾಟದಲ್ಲಿ ಕನ್ನಡ ಗಳಿಸಿಕೊಂಡ ಪದಗಳನ್ನೇ ವಿವೇಚನೆಯಿಂದ ಹಂಚಿಕೊಂಡರೆ ಈ ದೋಷಗಳನ್ನು ಬೇರ್ಪಡಿಸಿ ಹೇಳಬಹುದು ಎಂಬುದು ನನ್ನ ನಿಲುವು. ಆದರೆ ಅವನ್ನು ಹಾಗೆಯೇ ಎತ್ತಿ ತಂದು ಗಿಟಾರಿಗೆ ಹಚ್ಚಿದರೆ ಕೆಲವೆಡೆ ಪದವೇ ತಪ್ಪು ರಿಪೇರಿಗೆ ದಾರಿ ತೋರಿಸುತ್ತದೆ.

ಮೊದಲಿಗೆ ‘ಶ್ರುತಿ’ ಎಂಬ ಪದವನ್ನೇ ತೆಗೆದುಕೊಳ್ಳುತ್ತೇನೆ. ನಮ್ಮ ಕಡೆ ಯಕ್ಷಗಾನದ ಭಾಗವತರನ್ನು ‘ನಿಮ್ಮ ಶ್ರುತಿ ಯಾವುದು’ ಎಂದು ಕೇಳಿದರೆ ‘ಕಪ್ಪು ಎರಡು’ ಎಂದೋ ‘ಬಿಳಿ ಐದು’ ಎಂದೋ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಉತ್ತರ ಬರುತ್ತದೆ. ಇಲ್ಲಿ ಶ್ರುತಿ ಎಂದರೆ ಹಾಡುಗಾರನ ಷಡ್ಜ, ಅಂದರೆ ಹಾಡಿಗೆ ಆಧಾರವಾದ ‘ಸ’ ಸ್ವರ. ಗಿಟಾರಿಗೆ ಅಂಥ ಒಂದು ಷಡ್ಜವಿಲ್ಲ. ಅದರ ಆರು ತಂತಿಗಳನ್ನು ಇದೇ ಲೆಕ್ಕದಲ್ಲಿ ಹೇಳುವುದಾದರೆ ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ಬಿಳಿ ಮೂರು, ಬಿಳಿ ಆರು, ಬಿಳಿ ಎರಡು, ಬಿಳಿ ಐದು, ಬಿಳಿ ಏಳು ಮತ್ತೆ ಬಿಳಿ ಮೂರು ಆಗುತ್ತದೆ. ಒಂದೂ ಕಪ್ಪು ಮನೆಯಿಲ್ಲ. ಹಾರ್ಮೋನಿಯಂ ಬಲ್ಲ ಮನೆಯ ಮಕ್ಕಳಿಗೆ ಇಂಗ್ಲಿಷ್ ಅಕ್ಷರಗಳಿಗಿಂತ ಈ ಲೆಕ್ಕ ಬೇಗ ತಲೆಗೆ ಹತ್ತುತ್ತದೆ ಎಂಬುದನ್ನು ನೋಡಿದ್ದೇನೆ. ಹೀಗಾಗಿ ‘ಗಿಟಾರಿನ ಶ್ರುತಿ’ ಎಂಬ ನಾಮಪದವನ್ನು ಕೈಬಿಟ್ಟು, ‘ಶ್ರುತಿ ಕೂಡಿಸು’ ಎಂಬ ಕ್ರಿಯಾಪದವನ್ನು ಮಾತ್ರ ಉಳಿಸಿಕೊಳ್ಳುವುದು ಒಳ್ಳೆಯದೆಂದು ನನಗೆ ತೋರುತ್ತದೆ. ತಂತಿಯನ್ನು ಎಲ್ಲಿಯೂ ಒತ್ತದೆ, ಬಿಡಿಯಾಗಿ ಮೀಟಿ ಅದರ ನಿಗದಿತ ಸ್ವರಕ್ಕೆ ತರುವುದಷ್ಟೇ ಶ್ರುತಿ ಕೂಡಿಸುವುದು. ಮೆಟ್ಟಿಲಿನ (ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಪಟ್ಟಿ, ಅಂದರೆ ಫ್ರೆಟ್) ಮೇಲೆ ಒತ್ತಿದಾಗ ಹುಟ್ಟುವ ದೋಷಕ್ಕೆ ಬೇರೆ ಹೆಸರು ಬೇಕು.

ಇದರ ಜೊತೆಗೆ ಎರಡು ಸಣ್ಣ ತೊಡಕುಗಳಿವೆ. ಟ್ಯೂನರ್ ಆ್ಯಪ್ ತೋರಿಸುವ ‘ಫ್ಲ್ಯಾಟ್’ ಮತ್ತು ‘ಶಾರ್ಪ್’ ಎಂಬ ಮಾತುಗಳಿಗೆ ಕೆಲವರು ಕೋಮಲ, ತೀವ್ರ ಎಂದು ಬರೆಯುತ್ತಾರೆ. ಇದು ಸರಿಯಲ್ಲ. ಕೋಮಲ ಗಾಂಧಾರವು ತನ್ನದೇ ಸ್ಥಾನವುಳ್ಳ ಸ್ವರ, ಆದರೆ ಇಲ್ಲಿರುವುದು ಸೇರಬೇಕಾದ ಸ್ವರಕ್ಕೆ ಕೂದಲೆಳೆಯಷ್ಟು ಕಡಿಮೆಯಾದ ಸ್ಥಿತಿ. ‘ಇಳಿದಿದೆ’, ‘ಏರಿದೆ’ ಎಂದರೆ ಸಾಕು. ಇನ್ನೊಂದು ತೊಡಕು ‘ಮೇಲಿನ ತಂತಿ’ ಎಂಬ ಮಾತಿನದು. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಾಗ ಕಣ್ಣಿಗೆ ಮೇಲಿರುವುದು ದಪ್ಪ ತಂತಿ, ಸ್ಥಾಯಿಯಲ್ಲಿ ಮೇಲಿರುವುದು ಸಣ್ಣ ತಂತಿ. ಎರಡರದೂ ಬಿಳಿ ಮೂರೇ ಆಗಿರುವುದರಿಂದಲೂ, ಅಗ್ಗದ ಟ್ಯೂನರ್ ಅಕ್ಷರವನ್ನು ತೋರಿಸುತ್ತದೆಯೇ ಹೊರತು ಸ್ಥಾಯಿಯನ್ನು ತೋರಿಸದೆ ಇರುವುದರಿಂದಲೂ, ಮಾತಿನ ಗೊಂದಲ ತಂತಿ ಹರಿಯುವುದರಲ್ಲಿ ಮುಗಿಯುವುದುಂಟು. ಆದ್ದರಿಂದ ದಪ್ಪ ತಂತಿ, ಸಣ್ಣ ತಂತಿ ಎಂದೇ ಬರೆಯುತ್ತಿದ್ದೇನೆ.

ಇನ್ನು ‘ಬಿರಡೆ’, ಅಂದರೆ ತಂತಿಯನ್ನು ಬಿಗಿಯಲು, ಸಡಿಲಿಸಲು ತಿರುಗಿಸುವ ಭಾಗ. ಈ ಪದವನ್ನು ಗಿಟಾರಿಗೆ ಬಳಸಲು ನನಗೆ ಯಾವ ಅಡ್ಡಿಯೂ ಕಾಣುವುದಿಲ್ಲ, ಆದರೆ ಅದರ ಬೆನ್ನಿಗೆ ಬರುವ ‘ಬಿರಡೆ ಜಾರುತ್ತಿದೆ’ ಎಂಬ ಮಾತು ಅಪಾಯದ್ದು. ವೀಣೆಯ ಬಿರಡೆ ಮರದ್ದು. ತೂತಿನೊಳಗೆ ಅದು ಬಿಗಿಯಾಗಿ ಕೂತಿರುವುದು ತಿಕ್ಕಾಟದ ಬಲದಿಂದ ಮಾತ್ರ, ಹಾಗಾಗಿ ಅದು ನಿಜಕ್ಕೂ ಜಾರುತ್ತದೆ. ಗಿಟಾರಿನ ಬಿರಡೆಯೊಳಗೆ ಹಲ್ಲುಗಾಲಿ ಮತ್ತು ಸುರುಳಿ ತಿರುಪು ಇರುತ್ತವೆ. ಬಿರಡೆಯ ಕಿವಿಯನ್ನು (ಕೈಯಿಂದ ತಿರುಗಿಸುವ ಹಿಡಿ) ತಿರುಗಿಸಿದರೆ ಗೂಟ (ತಂತಿ ಸುತ್ತಿಕೊಳ್ಳುವ ಭಾಗ) ತಿರುಗುತ್ತದೆ, ಆದರೆ ತಂತಿ ಎಷ್ಟೇ ಎಳೆದರೂ ಗೂಟವು ಕಿವಿಯನ್ನು ಹಿಂದಕ್ಕೆ ತಿರುಗಿಸಲಾರದು. ಹೊಸ ಗಿಟಾರಿನಲ್ಲಿ ಸ್ವರ ಇಳಿಯುತ್ತಿದ್ದರೆ ಮೊದಲು ನೋಡಬೇಕಾದದ್ದು ತಂತಿಯನ್ನು. ಗೂಟಕ್ಕೆ ಸುತ್ತಿದ ಸುತ್ತುಗಳು ಒಂದರ ಪಕ್ಕ ಒಂದು ಕೂರದೆ ಹಾದುಹೋಗಿದ್ದರೆ ಅವು ದಿನವಿಡೀ ಬಿಗಿದುಕೊಳ್ಳುತ್ತಲೇ ಇರುತ್ತವೆ. ಎರಡು ಮೂರು ಸುತ್ತುಗಳನ್ನು ಅಚ್ಚುಕಟ್ಟಾಗಿ ಕೆಳಮುಖವಾಗಿ ಸುತ್ತಿ, ತಂತಿಯನ್ನು ನಡುಮಧ್ಯದಲ್ಲಿ ಹಿಡಿದು ಮೆಲ್ಲಗೆ ಎಳೆದು, ಇಳಿದ ಸ್ವರವನ್ನು ಮತ್ತೆ ಕೂಡಿಸಿ, ಎಳೆದರೂ ಇಳಿಯದಿರುವ ತನಕ ಇದನ್ನೇ ಮಾಡುತ್ತಿದ್ದರೆ ತಂತಿ ಹದಕ್ಕೆ ಬರುತ್ತದೆ. ಇದಕ್ಕೆ ‘ತಂತಿ ಪಳಗಿಸುವುದು’ ಎಂಬ ಮಾತನ್ನು ಬಳಸಿದ್ದೇನೆ, ಮಕ್ಕಳು ಅದನ್ನು ಕೇಳಿದ ತಕ್ಷಣ ಒಪ್ಪಿಕೊಂಡಿದ್ದಾರೆ. ಬಿರಡೆಯಲ್ಲಿ ನಿಜವಾಗಿ ಇರಬಹುದಾದ ದೋಷವೆಂದರೆ ಹಲ್ಲುಗಳ ನಡುವಿನ ಸಡಿಲು, ಗ್ಯಾರೇಜಿನವರು ‘ಪ್ಲೇ ಇದೆ’ ಎನ್ನುತ್ತಾರಲ್ಲ, ಅದು. ಸ್ವರ ಏರಿದ್ದರೆ ತುಸು ಹೆಚ್ಚೇ ಇಳಿಸಿ, ಮತ್ತೆ ಕೆಳಗಿನಿಂದ ಏರಿಸಿಕೊಂಡು ಬಂದು ನಿಲ್ಲಿಸಿದರೆ ಆ ಸಡಿಲು ತೊಂದರೆ ಕೊಡುವುದಿಲ್ಲ. ಈ ‘ಪ್ಲೇ’ಗೆ ಬೇರೆ ಪದ ಹುಡುಕುವ ಗೋಜಿಗೆ ನಾನು ಹೋಗಿಲ್ಲ.

ನನಗೆ ನಿಜವಾಗಿ ಕಷ್ಟವಾಗಿರುವುದು ‘ನಟ್’. ಕತ್ತಿನ ತುದಿಯಲ್ಲಿ, ತಲೆಯು ಶುರುವಾಗುವ ಜಾಗದಲ್ಲಿ ಆರು ಕಚ್ಚುಗಳಿರುವ ಒಂದು ಬಿಳಿಯ ಪಟ್ಟಿ ಇರುತ್ತದೆ. ಅಗ್ಗದ ವಾದ್ಯಗಳಲ್ಲಿ ಅದು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನದು. ಅದನ್ನೇ ನಟ್ ಎನ್ನುತ್ತಾರೆ. ಆದರೆ ಬಿರಡೆಯನ್ನು ತಲೆಗೆ ಬಿಗಿಯುವುದೂ ಒಂದು ನಟ್ಟೇ. ‘ನಟ್ಟಿನಲ್ಲಿ ತೊಂದರೆ ಇದೆ’ ಎಂದು ಹೇಳಿ ಕಳಿಸಿದರೆ ಹುಡುಗರು ಸ್ಪ್ಯಾನರ್ ಹಿಡಿದು ಕೂರುತ್ತಾರೆ. ಈ ಪಟ್ಟಿಯ ದೋಷವನ್ನು ಕಿವಿಯಿಂದಲೇ ಗುರುತಿಸಬಹುದು: ಮೂರನೆಯ ತಂತಿಯ (ಸಣ್ಣ ತಂತಿಯಿಂದ ಎಣಿಸಿದಾಗ ಮೂರನೆಯದು, ಅಂದರೆ ಬಿಳಿ ಐದರದು) ಬಿರಡೆಯನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಸ್ವರ ಅಲುಗದೆ ನಿಂತಲ್ಲೇ ನಿಂತಿರುತ್ತದೆ, ಇನ್ನಷ್ಟು ತಿರುಗಿಸಿದರೆ ‘ಟಿಕ್’ ಎಂಬ ಸಣ್ಣ ಸಪ್ಪಳದೊಂದಿಗೆ ಒಮ್ಮೆಲೇ ನೆಗೆದು ಬೇಕಾದ ಜಾಗವನ್ನು ದಾಟಿಬಿಡುತ್ತದೆ. ಕಚ್ಚು ಇಕ್ಕಟ್ಟಾಗಿ ತಂತಿಯನ್ನು ಹಿಡಿದುಕೊಂಡಿದೆ ಎಂಬುದಕ್ಕೆ ಇದು ಸಾಕ್ಷಿ. ತಂತಿಯನ್ನು ಅಡ್ಡಕ್ಕೆ ಎಳೆದು ಬಾರಿಸಿದಾಗಲೂ ಹೀಗೆಯೇ. ಕಚ್ಚಿನೊಳಗಿಂದ ಈಚೆಗೆ ಸರಿದ ತಂತಿ ಆಚೆಗೆ ಮರಳುವುದಿಲ್ಲ, ಸ್ವರ ಇಳಿದೇ ಉಳಿಯುತ್ತದೆ. ತಂತಿಯನ್ನು ಸಡಿಲಿಸಿ ಕಚ್ಚಿನಿಂದ ಎತ್ತಿ, ಮೆತ್ತನೆಯ ಪೆನ್ಸಿಲ್ಲಿನ ಮೊನೆಯನ್ನು ಕಚ್ಚಿನೊಳಗೆ ಚೆನ್ನಾಗಿ ಉಜ್ಜಿದರೆ ಗ್ರಾಫೈಟಿನ ನುಣುಪಿನಿಂದಾಗಿ ಹೆಚ್ಚಿನ ಸಲ ಇದು ಸರಿಹೋಗುತ್ತದೆ. ಸರಿಹೋಗದಿದ್ದರೆ ಕಚ್ಚನ್ನು ಅಗಲಿಸಬೇಕು, ಅದು ಬಲ್ಲವರ ಕೆಲಸ. ಕಚ್ಚಿನ ಆಳ ಸಾಲದೆ ತಂತಿ ಎತ್ತರದಲ್ಲಿ ಕೂತಿದ್ದರೆ ಮತ್ತೊಂದು ಬಗೆಯ ತೊಂದರೆ. ಮೊದಲ ಮೂರು ಮೆಟ್ಟಿಲುಗಳಲ್ಲಿ ಒತ್ತಿದ ಸ್ವರವೆಲ್ಲ ಏರಿರುತ್ತದೆ. ಸದ್ಯಕ್ಕೆ ‘ಕಚ್ಚುಪಟ್ಟಿ’ ಎಂದು ಬರೆದುಕೊಂಡಿದ್ದೇನೆ, ಇದಕ್ಕಿಂತ ಹಳೆಯದಾದ, ಬಳಕೆಯಲ್ಲಿರುವ ಮಾತೊಂದಿದ್ದರೆ ಸಂತೋಷದಿಂದ ಬದಲಾಯಿಸುತ್ತೇನೆ.

ಇನ್ನೊಂದು ತುದಿಯಲ್ಲಿ, ಒಡಲಿನ ಮೇಲೆ ತಂತಿಗಳನ್ನು ಹೊತ್ತಿರುವ ಭಾಗದ (ಬ್ರಿಜ್) ಹೆಸರಿಗೆ ಚಿಂತೆಯಿಲ್ಲ. ವೀಣೆಯಲ್ಲಿ ಅದು ‘ಕುದುರೆ’. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ 1956ರವರೆಗೂ ಆ ಕಡೆಗೇ ಇದ್ದ ನಮ್ಮ ಜಿಲ್ಲೆಯಲ್ಲಿ ಹಿಂದೂಸ್ತಾನಿ ಕಲಿತವರ ಬಾಯಲ್ಲಿ ‘ಘೋಡಿ’ ಎಂಬ ಮಾತೂ ಕೇಳುತ್ತದೆ, ಅರ್ಥ ಅದೇ ಪ್ರಾಣಿಯ ಸುತ್ತಲೇ ಇದೆ. ಗಿಟಾರಿನ ಕುದುರೆಯ ಮೇಲೆ ಒಂದೊಂದು ತಂತಿಗೂ ಒಂದೊಂದು ಪುಟ್ಟ ಲೋಹದ ತುಂಡು ಇರುತ್ತದೆ, ಇಂಗ್ಲಿಷಿನವರು ಅದನ್ನು ಸ್ಯಾಡಲ್ ಎನ್ನುತ್ತಾರೆ. ಕುದುರೆಗೆ ‘ಜೀನು’ ಹಾಕಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು ಎಂದು ಅದನ್ನೇ ಬಳಸಿದ್ದೇನೆ.

ಈ ಜೀನನ್ನು ಹಿಂದೆ ಮುಂದೆ ಸರಿಸಿ ಮಾಡುವ ತಿದ್ದುಪಡಿಗೆ, ಅಂದರೆ ‘ಇಂಟೊನೇಶನ್’ ಎಂಬುದಕ್ಕೆ, ಏನೆನ್ನಬೇಕು ಎಂಬುದೇ ನನ್ನ ಮುಖ್ಯ ಪ್ರಶ್ನೆ. ನಿಘಂಟುಗಳಲ್ಲಿ ಸಿಗುವ ‘ಧ್ವನಿಯ ಏರಿಳಿತ’ ಮಾತಿಗೆ ಸಂಬಂಧಿಸಿದ್ದು, ಇಲ್ಲಿ ಅದು ಕೆಲಸಕ್ಕೆ ಬಾರದು. ದೋಷದ ಸ್ವರೂಪ ಹೀಗಿದೆ: ಬಿಡಿ ತಂತಿಗಳೆಲ್ಲ ಸರಿಯಾಗಿ ಕೂಡಿವೆ, ಆದರೂ ಕತ್ತಿನ ಕೆಳಭಾಗಕ್ಕೆ ಹೋದಂತೆ ಒತ್ತಿದ ಸ್ವರಗಳು ಬೇಸುರವಾಗುತ್ತವೆ. ಇದನ್ನು ಪರೀಕ್ಷಿಸಲು 12ನೆಯ ಮೆಟ್ಟಿಲೇ ಸರಿಯಾದ ಜಾಗ, ಏಕೆಂದರೆ ಅದು ತಂತಿಯ ಉದ್ದದ ಅರ್ಧಕ್ಕೆ ಬರುತ್ತದೆ. ಇಪ್ಪತ್ತೈದೂವರೆ ಇಂಚಿನ, ಅಂದರೆ ಸುಮಾರು 648 ಮಿಲಿಮೀಟರ್ ಉದ್ದದ ಗಿಟಾರಿನಲ್ಲಿ ಕಚ್ಚುಪಟ್ಟಿಯಿಂದ 324 ಮಿಲಿಮೀಟರಿಗೆ. ಅಲ್ಲಿ ತಂತಿಯನ್ನು ಒತ್ತದೆ ಬೆರಳಿನಿಂದ ಸೋಕಿಸಿ ಮೀಟಿದರೆ ಒಂದು ತೆಳುವಾದ ನಾದ ಹೊರಡುತ್ತದೆ, ಒತ್ತಿ ಮೀಟಿದರೆ ಗಟ್ಟಿ ಸ್ವರ ಬರುತ್ತದೆ. ಎರಡೂ ಒಂದೇ ಆಗಿರಬೇಕು. ಒತ್ತಿದ ಸ್ವರ ಏರಿದ್ದರೆ ಜೀನನ್ನು ಕತ್ತಿನಿಂದ ದೂರಕ್ಕೆ, ಇಳಿದಿದ್ದರೆ ಕತ್ತಿನ ಕಡೆಗೆ ಸರಿಸಬೇಕು. ಪ್ರತಿ ಸಲ ಸರಿಸಿದ ಮೇಲೂ ಬಿಡಿ ತಂತಿಯನ್ನು ಮತ್ತೆ ಕೂಡಿಸಿಕೊಂಡೇ ನೋಡಬೇಕು. ತುಕ್ಕು ಹಿಡಿದ ಹಳೆಯ ತಂತಿಗಳ ಮೇಲೆ ಈ ಕೆಲಸ ಮಾಡಿದರೆ ಶ್ರಮ ವ್ಯರ್ಥ, ಮತ್ತು ಕರಾವಳಿಯ ಗಾಳಿಯಲ್ಲಿ ತಂತಿಗೆ ತುಕ್ಕು ಹಿಡಿಯಲು ಬಹಳ ಕಾಲ ಬೇಕಾಗುವುದಿಲ್ಲ.

ವೀಣೆ ತಯಾರಿಸುವವರು ಮೇಣದ ಮೇಲೆ 24 ಮೆಟ್ಟಿಲುಗಳನ್ನು ಕಿವಿಯಿಂದಲೇ ಗೊತ್ತುಮಾಡಿ ಕೂರಿಸುವುದಕ್ಕೆ ‘ಮೇಳ ಕಟ್ಟುವುದು’ ಎನ್ನುತ್ತಾರೆ. ಅರ್ಥದ ದೃಷ್ಟಿಯಿಂದ ಇಂಟೊನೇಶನ್ನಿಗೆ ಇಷ್ಟು ಹತ್ತಿರದ ಇನ್ನೊಂದು ಮಾತಿಲ್ಲ. ಆದರೂ ಇದನ್ನು ಸ್ವೀಕರಿಸಲು ನನಗೆ ಎರಡು ಹಿಂಜರಿಕೆಗಳಿವೆ. 1934ರಷ್ಟು ಹಿಂದೆ ಕೆರೆಮನೆಯಲ್ಲಿ ಇಡಗುಂಜಿ ಮೇಳ ಎಂಬ ಯಕ್ಷಗಾನ ತಂಡ ಹುಟ್ಟಿದ ಈ ಜಿಲ್ಲೆಯಲ್ಲಿ ‘ಅವನು ಮೇಳ ಕಟ್ಟಿದ’ ಎಂದರೆ ಕೇಳಿದವರು ಯಾವ ತಿಟ್ಟು, ಭಾಗವತರು ಯಾರು ಎಂದು ವಿಚಾರಿಸುತ್ತಾರೆಯೇ ಹೊರತು ಗಿಟಾರಿನ ಕಡೆಗೆ ನೋಡುವುದಿಲ್ಲ. ಎರಡನೆಯದು ಹೆಚ್ಚು ಗಂಭೀರವಾದದ್ದು. ವೀಣೆಯಲ್ಲಿ ಮೆಟ್ಟಿಲನ್ನು ಮೇಣದಿಂದ ಬಿಡಿಸಿ ಮತ್ತೆ ಕೂರಿಸಬಹುದು, ಸಿತಾರಿನಲ್ಲಿ ದಾರದಿಂದ ಕಟ್ಟಿದ ಪರದೆಯನ್ನು ಬೆರಳಿನಿಂದಲೇ ಸರಿಸಬಹುದು, ಗಿಟಾರಿನಲ್ಲಾದರೋ ಮೆಟ್ಟಿಲುಗಳು ಮರದಲ್ಲಿ ನಾಟಿ ಹೋಗಿವೆ. ಅಲ್ಲಿ ಸರಿಸುವುದು ತಂತಿಯ ಕೊನೆಯನ್ನು, ಮೆಟ್ಟಿಲನ್ನಲ್ಲ. ಮೆಟ್ಟಿಲಿಗೆ ಕೈಹಾಕುವ ಸೂಚನೆಯನ್ನು ಒಳಗಿಟ್ಟುಕೊಂಡ ಪದವನ್ನು ಅಗ್ಗದ ಗಿಟಾರಿನ ಮುಂದೆ ಉಳಿ ಸುತ್ತಿಗೆ ಹಿಡಿದು ಕೂತ ಹದಿನೈದರ ಹುಡುಗನ ಕೈಗೆ ಕೊಡಲು ನನಗೆ ಧೈರ್ಯವಿಲ್ಲ. ಆದ್ದರಿಂದ ‘ಸ್ವರಸ್ಥಾನ ತಿದ್ದುವುದು’ ಎಂದು ಬರೆದಿದ್ದೇನೆ. ಅದು ಕೊಂಚ ಪಾಠಶಾಲೆಯ ಮಾತಿನಂತೆ ಕೇಳಿಸುತ್ತದೆ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ.

ಇಲ್ಲಿಯೇ ಇನ್ನೊಂದು ವಿಷಯವನ್ನು ಹೇಳಬೇಕು, ಏಕೆಂದರೆ ಅದು ದೋಷವೇ ಅಲ್ಲದ ದೂರು. ತಂಬೂರಿಯ ನಾದದಲ್ಲಿ ತೇಲಿಬರುವ ಗಾಂಧಾರಕ್ಕೆ ಕಿವಿ ಒಗ್ಗಿದವರು ಗಿಟಾರಿನ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಕೇಳಿ ‘ಮೂರನೆಯ ಸ್ವರ ಕೂಡಿಲ್ಲ’ ಎನ್ನುತ್ತಾರೆ, ಮತ್ತು ಅವರು ಹೇಳುವುದು ನಿಜ. ಸಪ್ತಕವನ್ನು 12 ಸಮಭಾಗ ಮಾಡಿ, ಒಂದೊಂದು ಭಾಗವನ್ನು 100 ಸೆಂಟ್ ಎಂದು ಎಣಿಸುವ ಪದ್ಧತಿಯಲ್ಲಿ ಗಿಟಾರಿನ ಗಾಂಧಾರ 400 ಸೆಂಟಿನಲ್ಲಿ ನಿಲ್ಲುತ್ತದೆ, ಸಹಜವಾದ ಗಾಂಧಾರ ಇರುವುದು 386ರ ಆಸುಪಾಸಿನಲ್ಲಿ. (ಉಡುಪಿಯ ಕಡೆಯವರಿಗೆ ಸೆಂಟ್ ಎಂದರೆ ಜಾಗದ ಅಳತೆ, ಅದೂ ಎಕರೆಯ ನೂರನೆಯ ಒಂದು ಪಾಲೇ ಆದ್ದರಿಂದ ಅವರು ಬೇಗ ಹಿಡಿದುಕೊಳ್ಳುತ್ತಾರೆ.) ಈ 14 ಸೆಂಟಿನ ಅಂತರವನ್ನು ಸರಿಪಡಿಸಲು ಮೂರನೆಯ ತಂತಿಯನ್ನು ತುಸು ಇಳಿಸಿದರೆ ಒಂದು ಕಾರ್ಡ್ ಇಂಪಾಗುತ್ತದೆ, ಅದೇ ತಂತಿಯನ್ನು ಬಿಡಿಯಾಗಿ ಬಳಸುವ ಮುಂದಿನ ಕಾರ್ಡ್ ಕೆಡುತ್ತದೆ. ಇದನ್ನು ‘ಅಪಶ್ರುತಿ’ ಎಂದು ಕರೆಯುವುದು ಅನ್ಯಾಯ, ಹಾಗೆಂದು ‘ಸುಶ್ರುತಿ’ ಎನ್ನಲು ಕಿವಿ ಒಪ್ಪುವುದಿಲ್ಲ. ‘ಸಮಪಾಲಿನ ಸ್ವರ’ ಎಂದು ಬರೆದು ಅಡಿಯಲ್ಲಿ ಎರಡು ಸಾಲಿನ ವಿವರಣೆ ಕೊಡುವ ಯೋಚನೆ ಇದೆ.

1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್ ಮಾದರಿಯನ್ನು ಅನುಸರಿಸಿದ ಅಗ್ಗದ ಗಿಟಾರುಗಳಲ್ಲಿ ಕುದುರೆಗೆ ಸಿಕ್ಕಿಸಿದ ಒಂದು ಕೋಲು ಇರುತ್ತದೆ. ಅದನ್ನು ‘ಟ್ರೆಮೊಲೊ’ ಎನ್ನುವುದು ಇಂಗ್ಲಿಷಿನಲ್ಲೇ ತಪ್ಪು ಹೆಸರು. ಟ್ರೆಮೊಲೊ ಎಂದರೆ ನಾದದ ಜೋರಿನ ಏರಿಳಿತ, ಈ ಕೋಲು ಬದಲಿಸುವುದು ಸ್ವರವನ್ನು. ನಾವು ಆ ತಪ್ಪನ್ನು ಹೊತ್ತುಕೊಳ್ಳಬೇಕಿಲ್ಲ, ‘ಸನ್ನೆಕೋಲು’ ಎಂದರೆ ಅದು ಮಾಡುವ ಕೆಲಸ ತಿಳಿಯುತ್ತದೆ. ಕೋಲನ್ನು ಬಳಸಿದ ಮೇಲೆ ಎಲ್ಲ ತಂತಿಗಳೂ ಒಟ್ಟಿಗೆ ಸ್ವರ ತಪ್ಪುತ್ತಿದ್ದರೆ ದೋಷ ಕುದುರೆಯ ತಿರುಪುಗಳಲ್ಲಿ ಅಥವಾ ಕಚ್ಚುಪಟ್ಟಿಯಲ್ಲಿ ಇರುತ್ತದೆ. ಕಲಿಯುವವರು ಆರಂಭದಲ್ಲಿ ಕೋಲನ್ನು ಬಿಚ್ಚಿಟ್ಟು, ಹಿಂಬದಿಯ ಸ್ಪ್ರಿಂಗುಗಳನ್ನು ಬಿಗಿದು, ಕುದುರೆ ಒಡಲಿಗೆ ಒತ್ತಿ ಕೂರುವಂತೆ ಮಾಡಿಕೊಳ್ಳುವುದೇ ಮೇಲು.

ಬಳಗದವರಲ್ಲಿ ನನ್ನ ಕೋರಿಕೆ ಇಷ್ಟು. ವೀಣೆ, ಸಿತಾರ್ ಅಥವಾ ತಂಬೂರಿಗಳನ್ನು ರಿಪೇರಿ ಮಾಡುವವರ ಒಡನಾಟ ಇರುವವರು, ನಾನು ‘ಕಚ್ಚುಪಟ್ಟಿ’ ಎಂದ ಭಾಗಕ್ಕೆ ಅವರು ಕೆಲಸ ಮಾಡುತ್ತ ಬಳಸುವ ಮಾತನ್ನು, ಪುಸ್ತಕದ ಮಾತನ್ನಲ್ಲ, ತಿಳಿಸಬೇಕು. 12ನೆಯ ಮೆಟ್ಟಿಲಿನಲ್ಲಿ ಸೋಕಿಸಿದಾಗ ಬರುವ ತೆಳು ನಾದಕ್ಕೆ ‘ತೇಲುಸ್ವರ’ ಎಂದಿದ್ದೇನೆ. ಬಾಯಲ್ಲಿ ಆಡಲು ಸರಾಗವಾಗಿದೆಯೇ? ಕಾರವಾರ, ಸದಾಶಿವಗಡದ ಕಡೆ ಗಿಟಾರ್ ಬಾರಿಸುವ ಮನೆಗಳು ನಮ್ಮ ಘಟ್ಟದ ಮೇಲಿಗಿಂತ ಹೆಚ್ಚು. ಅಲ್ಲಿನ ಕೊಂಕಣಿ ಮಾತಿನಲ್ಲಿ ಶ್ರುತಿ ಕೂಡಿಸುವುದಕ್ಕೂ ಸ್ವರಸ್ಥಾನ ತಿದ್ದುವುದಕ್ಕೂ ಬೇರೆ ಬೇರೆ ಪದಗಳಿದ್ದರೆ ಅವನ್ನು ಕನ್ನಡಕ್ಕೆ ಕಡ ತರಲು ನನಗೆ ಸಂಕೋಚವಿಲ್ಲ. ‘ಮೇಳ ಕಟ್ಟು’ ಎಂಬುದನ್ನು ಉಳಿಸಿಕೊಳ್ಳಬೇಕು ಎನ್ನುವವರು ಮೆಟ್ಟಿಲಿನ ಕುರಿತ ನನ್ನ ಆಕ್ಷೇಪಕ್ಕೆ ಉತ್ತರ ಕೊಟ್ಟು ವಾದಿಸಬೇಕಾಗಿ ವಿನಂತಿ.