ಯುಗಾದಿ ಆಯಿತು, ಎರಡು ಎಕರೆ ತಗೊಂಡು ಬೆಳೆದು ತಿನ್ನೋಣ ಅಂತಿದ್ದೇನೆ

ತಾರಸಿ ತೋಟ: ಹಬ್ಬಕ್ಕೆ ಸ್ನೇಹಿತರ ಊರಿನಲ್ಲಿ ವರ್ಷದ ಮೊದಲ ಉಳುಮೆ, ಹೊನ್ನಾರು ಹೂಡಿದ್ದು ನೋಡಿ ಬಂದೆ, ಮನಸ್ಸು ಅಲ್ಲೇ ಇದೆ. 2020ರ ಭೂಸುಧಾರಣೆ ತಿದ್ದುಪಡಿ ಆದಮೇಲೆ ಪೇಟೆಯವರೂ ಜಮೀನು ಕೊಳ್ಳಬಹುದಲ್ವಾ? ರಾಗಿ, ಅವರೆ, ತರಕಾರಿ, ಒಂದು ಹಸು. ಸುಭಾಷ್ ಪಾಳೇಕರ್ ಹೇಳುವ ನೈಸರ್ಗಿಕ ಕೃಷಿ ಪದ್ಧತಿಯಲ್ಲಿ, ಅಂಗಡಿ ಗೊಬ್ಬರ ಇಲ್ಲದೆ ಮಾಡಿದರೆ ಖರ್ಚೇ ಇಲ್ಲ.

ಕೋಲಾರದವ: "ಖರ್ಚೇ ಇಲ್ಲ" ಅಂದಿರಲ್ಲ, ಬೋರ್ ಯಾರು ಕೊರೆಸುತ್ತಾರೆ? ನಮ್ಮ ಕಡೆ ಸಾವಿರ ಅಡಿ ದಾಟಿದರೂ ಬರೀ ಧೂಳು ಬರುವುದಿದೆ. 2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿದಾಗ ಟಿವಿಯವರೆಲ್ಲ ಬಂದರು. ರೇಟು ಬಿದ್ದು ರಸ್ತೆಗೆ ಸುರಿಯುವಾಗ ಒಬ್ಬನೂ ಇರುವುದಿಲ್ಲ.

ತಾರಸಿ ತೋಟ: ನಾನು ತಿನ್ನಲು ಬೆಳೆಯುವವನು, ಮಂಡಿ ರೇಟು ನನಗ್ಯಾಕೆ? ಹಸು ಒಂದಿದ್ದರೆ ಗೊಬ್ಬರದ ಚಿಂತೆಯೂ ಇಲ್ಲ.

ಲೆಕ್ಕದ ಮೇಷ್ಟ್ರು: "ಹಸು ಒಂದಿದ್ದರೆ" ಏನಾಗುತ್ತೆ ಹೇಳುತ್ತೇನೆ. ಪಾಳೇಕರ್ ಹೊಲಕ್ಕೆ ಹಾಕಿ ಅನ್ನುವ ಸಗಣಿ ದ್ರಾವಣವೇ ಜೀವಾಮೃತ, ಎಕರೆಗೆ 200 ಲೀಟರ್ ನೀರಿಗೆ 10 ಕೆಜಿ ಸಗಣಿ. ಹಸಿ ಸಗಣಿಯಲ್ಲಿ ಸಾರಜನಕ ಅರ್ಧ ಪರ್ಸೆಂಟ್ ಅಂತಲೇ ಇಟ್ಟುಕೊಳ್ಳಿ, 50 ಗ್ರಾಂ ಆಯಿತು. 45 ಕೆಜಿ ಯೂರಿಯಾ ಮೂಟೆಯಲ್ಲಿ 20 ಕೆಜಿಗೂ ಜಾಸ್ತಿ ಇದೆ. ಮಂತ್ರಕ್ಕೆ ಮಾವಿನಕಾಯಿ ಉದುರುತ್ತಾ?

ಹಳ್ಳಿಕಾರ್ ಅಭಿಮಾನಿ: ಜೀವಾಮೃತ ಗೊಬ್ಬರ ಅಲ್ಲ ಸ್ವಾಮಿ, ಹಾಲಿಗೆ ಹಾಕುವ ಹೆಪ್ಪಿನ ಥರ. ಮಣ್ಣಿನ ಸೂಕ್ಷ್ಮಜೀವಿ ಹೆಚ್ಚಬೇಕು, ಅಷ್ಟೇ. ಆದರೆ ನಾಟಿ ಹಸುವಿನದೇ ಆಗಬೇಕು. ಸೀಮೆಹಸುವಿನ ಸಗಣಿಯಲ್ಲಿ ಸತ್ವ ಇಲ್ಲ.

ಡೈರಿ ಗೌರಿ: "ಸತ್ವ ಇಲ್ಲ" ಅಂತ ನಿಮಗೆ ಯಾರು ಹೇಳಿದರು? ನಮ್ಮ ಕೊಟ್ಟಿಗೆಯಲ್ಲಿ ಇರುವುದು ಸೀಮೆಹಸುವೇ, ಎಚ್‌ಎಫ್. ಆ ಸಗಣಿಯೇ ತಿಪ್ಪೆಗೆ, ಆ ತಿಪ್ಪೆಯೇ ಹೊಲಕ್ಕೆ. ರಾಗಿ ಬರುತ್ತಿದೆ. ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚುವವರು ನಾವು, ಸತ್ವ ಅಳೆಯುವವರು ನೀವು!

ಹಳ್ಳಿಕಾರ್ ಅಭಿಮಾನಿ: ಅಳೆದವರು ಪಾಳೇಕರ್. 2016ರಲ್ಲಿ ಪದ್ಮಶ್ರೀ ಸುಮ್ನೆ ಕೊಟ್ಟರಾ?

ಲೆಕ್ಕದ ಮೇಷ್ಟ್ರು: ಪದ್ಮಶ್ರೀ ಕೊಟ್ಟರೆ ಸಾರಜನಕ ಹೆಚ್ಚುತ್ತಾ? ಶ್ರೀಲಂಕಾದವರು 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿದರು. ಅದೇ ನವೆಂಬರ್‌ನಲ್ಲಿ ಆದೇಶ ವಾಪಸ್ ತಗೊಂಡರು.

ಹಳ್ಳಿಕಾರ್ ಅಭಿಮಾನಿ: ಅಲ್ಲಿ ಯಾವ ತಳಿ ಹಸು ಇತ್ತು ಅಂತ ನೋಡಿದ್ದೀರಾ?

ಡೈರಿ ಗೌರಿ: ಅಯ್ಯೋ ದೇವರೇ. ನಿಮ್ಮ ಹಳ್ಳಿಕಾರ್ ಎಷ್ಟು ಲೀಟರ್ ಕೊಡುತ್ತೆ ಅದು ಹೇಳಿ. ಕರುವಿಗೆ ಬಿಟ್ಟ ಮೇಲೆ ಮನೆ ಕಾಫಿಗೆ ಆಗಬಹುದು. ಮೇವಿನ ಸಾಲ ಯಾರು ತೀರಿಸುತ್ತಾರೆ?

ಹಳ್ಳಿಕಾರ್ ಅಭಿಮಾನಿ: ಅದು ಹಾಲಿನ ತಳಿ ಅಲ್ಲ, ಉಳುಮೆಯ ತಳಿ. ಅದೂ ಗೊತ್ತಿಲ್ಲದವರ ಹತ್ತಿರ ಏನು ಮಾತು.

ಡೈರಿ ಗೌರಿ: ಉಳುಮೆಗೆ ಹಸು ಕಟ್ಟುತ್ತೀರಾ? ನಮ್ಮೂರಲ್ಲಿ ಎತ್ತು ಕಟ್ಟುತ್ತಿದ್ದರು. ಈಗ ಅದೂ ಇಲ್ಲ, ಗಂಟೆಗೆ ಇಷ್ಟು ಅಂತ ಟ್ರ್ಯಾಕ್ಟರ್.

ಹಳ್ಳಿಕಾರ್ ಅಭಿಮಾನಿ: ಮಾತು ತಿರುಚಬೇಡಿ ಮೇಡಂ!!

ಖುಷ್ಕಿ ತಾತ: ಹಸು ಬಿಡ್ರಪ್ಪಾ. ರಾಗಿ ಜೊತೆ ನಡುನಡುವೆ ಬಿಡುವ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು ಹಾಕಿದರೆ ಒಂದು ಕೈ ಕೊಟ್ಟರೆ ಇನ್ನೊಂದು ಉಳಿಯುತ್ತೆ. ಅವರೆ, ತೊಗರಿ ಬೇರಿನ ಗಂಟಿನಲ್ಲೇ ಸಾರಜನಕ ಹಿಡಿಯುತ್ತವೆ. ಮೇಷ್ಟ್ರು ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ. ಭರಣಿ ಮಳೆ ಬಿದ್ದರೆ ಉತ್ತು ಬಿಡಿ, ರಾಗಿ ಬಿತ್ತನೆಗೆ ಇನ್ನೂ ಟೈಮ್ ಇದೆ.

ಲೆಕ್ಕದ ಮೇಷ್ಟ್ರು: ಲೆಕ್ಕವೇ ಬೇಕಾ ತಾತ? 2015-16ರ ಕೃಷಿ ಗಣತಿ ಪ್ರಕಾರ ದೇಶದ ಶೇ. 86ರಷ್ಟು ಹಿಡುವಳಿ ಎರಡು ಹೆಕ್ಟೇರ್‌ಗಿಂತ ಚಿಕ್ಕದು. ಸಣ್ಣ ಹಿಡುವಳಿ ಅಷ್ಟು ಸುಖ ಆಗಿದ್ದರೆ ಅವರ ಮಕ್ಕಳು ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಯಾಕೆ ಬರುತ್ತಿದ್ದರು?

ತಾರಸಿ ತೋಟ: "ಸುಖ" ಅಂತ ನಾನು ಹೇಳಲೇ ಇಲ್ಲ. ಅದಿರಲಿ, ಕುಂಡದ ಮೆಣಸಿನ ಗಿಡದ ಎಲೆ ದೋಣಿ ಥರ ಮೇಲಕ್ಕೆ ಮಡಚಿಕೊಂಡಿದೆ. ಹೂವು ಕೊಡವಿದರೆ ಕೂದಲೆಳೆಯಷ್ಟು ಸಣ್ಣ ಹುಳ ಓಡುತ್ತವೆ. ಏನು ಮಾಡಲಿ?

ಕೋಲಾರದವ: ಥ್ರಿಪ್ಸ್. ಬೇವಿನೆಣ್ಣೆಗೆ ಸೋಪಿನ ನೀರು ಕಲಸಿ ಸಂಜೆ ಹೊತ್ತು ಹೊಡೆಯಿರಿ. ಒಂದು ಕುಂಡಕ್ಕೇ ಈ ಗತಿ, ಇನ್ನು ಎರಡು ಎಕರೆ! ತಗೊಳ್ಳಲೇಬೇಕು ಅಂದರೆ ಮೊದಲು ಪೋಡಿ ಆಗಿದೆಯಾ, ಅಂದರೆ ಸರ್ವೆ ಮಾಡಿ ಪಾಲು ಬೇರೆ ಮಾಡಿದ್ದಾರಾ ನೋಡಿ. ಹಲವರ ಹೆಸರು ಒಟ್ಟಿಗಿರುವ ಜಂಟಿ ಪಹಣಿ ಆದರೆ ಅಡ್ವಾನ್ಸ್ ಕೊಡಲೇಬೇಡಿ.

ಹಳ್ಳಿಕಾರ್ ಅಭಿಮಾನಿ: ಪೋಡಿ ಆಮೇಲೆ ಮಾಡಿಸಿಕೊಳ್ಳಲಿ. ಎಚ್‌ಎಫ್ ಸಗಣಿ ವಿಷಯಕ್ಕೆ ಗೌರಿಯವರು ಇನ್ನೂ ಉತ್ತರ ಕೊಟ್ಟಿಲ್ಲ.

ಡೈರಿ ಗೌರಿ: ಹಾಲು ಕರೆಯುವ ಹೊತ್ತು. ಬರುತ್ತೇನೆ ಇರಿ.