ಶಿರಸಿಗೆ ಯಾವಾಗ ಬರಬೇಕು? ಜಾತ್ರೆಗಾ, ಜಲಪಾತಕ್ಕಾ?

ಬೆಂಗಳೂರು_ಬಸ್: ಮಾರ್ಚಲ್ಲಿ ಅಮ್ಮನ ಜೊತೆ ಶಿರಸಿಗೆ ಬರೋಣ ಅಂತಿದ್ದೇನೆ. ಅಮ್ಮನಿಗೆ ಮಾರಿಕಾಂಬಾ ಜಾತ್ರೆ ನೋಡುವಾಸೆ, ನನಗೆ ಯಾಣದ ಬಂಡೆಗಳು, ಉಂಚಳ್ಳಿ ಜಲಪಾತ. ಎಲ್ಲಾ ಒಂದೇ ಸಲಕ್ಕೆ ಆಗುತ್ತಾ? ಅಮ್ಮನಿಗೆ ಮಂಡಿನೋವು ಬೇರೆ.

ಅಡಿಕೆತೋಟ: ಮೊದಲು ಇಸವಿ ನೋಡಿ ಮಾರಾಯ್ರೆ! ಜಾತ್ರೆ ಎರಡು ವರ್ಷಕ್ಕೊಮ್ಮೆ. 2022, 2024ರಲ್ಲಿ ಆಯಿತು, ಸಮಸಂಖ್ಯೆಯ ವರ್ಷ ಅಂತ ನೆನಪಿಟ್ಟುಕೊಳ್ಳಿ. ಆಗ ದೇವಿ ಗುಡಿಯಲ್ಲಿ ಇರುವುದಿಲ್ಲ, ತೇರಲ್ಲಿ ಬಂದು ಬಿಡಕಿಬೈಲಿನ ಗದ್ದುಗೆಯಲ್ಲಿ ಕೂರುತ್ತಾಳೆ. ಜಾತ್ರೆ ಮುಗಿದ ಮೇಲೆ ಯುಗಾದಿವರೆಗೆ ಗುಡಿಯಲ್ಲೂ ದರ್ಶನ ಇಲ್ಲ. ಇದು ಗೊತ್ತಿಲ್ಲದೆ ಬಂದವರು ಸುಮ್ನೆ ವಾಪಸ್ ಹೋಗುತ್ತಾರೆ.

ಜಾತ್ರೆ ಇಲ್ಲದ ವರ್ಷ ಬೇಜಾರು ಬೇಡ. ಹೋಳಿ ಹೊತ್ತಿಗೆ ಬೇಡರ ವೇಷ ಅನ್ನುವ ಜನಪದ ಕುಣಿತ ಇರುತ್ತದೆ. ಬೆನ್ನ ತುಂಬಾ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಜಗ್ಗಿ ಹಿಡಿದಿರುತ್ತಾರೆ. ತಮಟೆ ಜೋರಾದಂತೆ ವೇಷಧಾರಿ ಜನರ ಮೇಲೇ ನುಗ್ಗುತ್ತಾನೆ. ನನ್ನ ಕೇಳಿದರೆ ಜಾತ್ರೆಗಿಂತ ಇದೇ ಮೇಲು. (ನಮ್ಮನೆಯವರು ಒಪ್ಪುವುದಿಲ್ಲ.) ಆದರೆ ರಾತ್ರಿಯೆಲ್ಲಾ ನಿಂತು ನೋಡಬೇಕು, ಅಮ್ಮನಿಗೆ ಕುರ್ಚಿ ಸಿಗುವ ಕಡೆ ಮೊದಲೇ ಹುಡುಕಿಕೊಳ್ಳಿ.

ಜಲಪಾತ ಮಾತ್ರ ಮಾರ್ಚಲ್ಲಿ ಬಿಡಿ. ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಎತ್ತರದಿಂದ ಬೀಳುತ್ತದೆ ನಿಜ, ಆದರೆ ಬೇಸಿಗೆಯಲ್ಲಿ ನೀರು ಸಣ್ಣಗಾಗಿರುತ್ತದೆ. ಅದಕ್ಕೆ ಮಳೆ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ ಬನ್ನಿ. ಸಹಸ್ರಲಿಂಗ ಇದಕ್ಕೆ ಉಲ್ಟಾ: ಶಾಲ್ಮಲಾ ಹೊಳೆಯ ನೀರು ಇಳಿದಾಗಲೇ ಬಂಡೆ ಮೇಲಿನ ಲಿಂಗಗಳು, ನಂದಿಗಳು ಕಾಣುವುದು.

ಬನವಾಸಿ_ಹುಡುಗಿ: ಯಾಣದಲ್ಲಿ ನಡಿಗೆ, ಮೆಟ್ಟಿಲು ಎರಡೂ ಉಂಟು, ಮಂಡಿನೋವಿಗೆ ಕಷ್ಟ. ಅಮ್ಮನನ್ನು ನಮ್ಮೂರು ಬನವಾಸಿಗೆ ಕರೆದುಕೊಂಡು ಬನ್ನಿ, ಮಧುಕೇಶ್ವರ ದೇವಸ್ಥಾನಕ್ಕೆ ಬೆಟ್ಟ ಹತ್ತಬೇಕಿಲ್ಲ. ಕದಂಬೋತ್ಸವದ ದಿನ ಸಿಕ್ಕಿದರೆ ಇನ್ನೂ ಒಳ್ಳೆಯದು.

ಬೆಂಗಳೂರು_ಬಸ್: ಹಾಗಾದರೆ ಯಾಣಕ್ಕೆ ಅಕ್ಟೋಬರ್‌ನಲ್ಲಿ ನಾನೊಬ್ಬನೇ ಬರುತ್ತೇನೆ. ಅಮ್ಮನಿಗೆ ತಿನ್ನಲು ಏನು ವಿಶೇಷ?

ಅಡಿಕೆತೋಟ: ತೊಡೆದೇವು! ಅಕ್ಕಿಹಿಟ್ಟನ್ನು ಕಬ್ಬಿನಹಾಲಲ್ಲಿ ಕಲಸಿ, ಬೋರಲು ಹಾಕಿದ ಬಿಸಿ ಮಡಕೆ ಮೇಲೆ ಬಟ್ಟೆಯಿಂದ ಸವರುತ್ತಾರೆ. ಕಾಗದದಷ್ಟು ತೆಳ್ಳಗೆ ಏಳುತ್ತದೆ, ಬಿಸಿ ಇರುವಾಗಲೇ ಮಡಚಬೇಕು. ತುಪ್ಪ ಹಾಕಿಕೊಂಡು ತಿನ್ನಲಿ. ಊರಿಗೆ ಒಯ್ಯುವುದಾದರೆ ಡಬ್ಬಿ ತನ್ನಿ, ಚೀಲದಲ್ಲಿಟ್ಟರೆ ಪುಡಿಪುಡಿ.